ನಂಬಿಗಸ್ತನಾದ ಮೇಸ್ತ್ರಿ

ಓದತಕ್ಕ ಭಾಗ: ಎರಡನೆಯ ಅರಸುಗಳು, 12ನೆಯ ಅಧ್ಯಾಯ, 4ರಿಂದ 15ನೆಯ ವಚನಗಳು.



ಸುಗ್ಗಿಯ ಕೆಲಸ ತೀರಿದ ಮೇಲೆ, ಮಳೆಗಾಲ ಹಿಡಿಯುವದಕ್ಕೆ ಮುಂಚೆ, ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಮನೆಗಳನ್ನು ದುರಸ್ತು ಮಾಡುವ ಕಾಲವು ಬರುತ್ತದೆ. ಒಬ್ಬನು ಮಾಡಿನ ಹೆಂಚುಗಳನ್ನು ಇಳಿಸಿ ಒರಲೆ ತಿಂದ ಪಕ್ಕಾಸುಗಳನ್ನು ತೆಗೆಸುತ್ತಾನೆ. ಮತ್ತೊಬ್ಬನು ಹಳೇ ಅಡಿಗೆಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುತ್ತಾನೆ. ಮಗನಿಗೆ ಮದುವೆ ಗೊತ್ತಾದ ಮನೆಯವರು ಒಂದು ಕೋಣೆಯನ್ನು ಕೂಡಿಸುತ್ತಾರೆ. ಆಗ ಮನೆಮನೆಯಲ್ಲಿಯೂ ಕೇಳಿ ಬರುವ ಪ್ರಶ್ನೆ ಒಂದೇ: "ಯಾವ ಮೇಸ್ತ್ರಿಗೆ ಕೆಲಸ ಕೊಡೋಣ?"

ಇದು ಲೋಕದ ಸಂಗತಿ, ದೇವಾಲಯದಲ್ಲಿ ಇದರ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳಬಹುದು. ಆದರೆ ಬಡವನ ಹತ್ತು ವರುಷದ ಉಳಿತಾಯವು ಒಬ್ಬ ಮನುಷ್ಯನ ಕೈಗೆ ಹೋಗುವಾಗ, ಆ ಕೈ ಎಂಥದು ಎಂಬ ವಿಷಯದಲ್ಲಿ ದೇವರಿಗೆ ಚಿಂತೆಯಿಲ್ಲವೆಂದು ಹೇಳಬಹುದೋ? ಸತ್ಯವೇದವು ಕಲ್ಲುಕುಟಿಗರ ವಿಷಯವನ್ನೂ ಬಡಗಿಗಳ ವಿಷಯವನ್ನೂ ಅವರಿಗೆ ತೂಗಿ ಕೊಟ್ಟ ಹಣದ ವಿಷಯವನ್ನೂ ನಾಚಿಕೆಯಿಲ್ಲದೆ ಹೇಳುತ್ತದೆ. ಮೇಲೆ ಸೂಚಿಸಿದ ಭಾಗವೇ ಅದಕ್ಕೆ ಸಾಕ್ಷಿ.

ಯೆಹೂದದ ಅರಸನಾದ ಯೋವಾಷನು ಏಳು ವರುಷದ ಹುಡುಗನಾಗಿರುವಾಗಲೇ ಪಟ್ಟಕ್ಕೆ ಬಂದನು. ದುಷ್ಟಳಾದ ಅತಲ್ಯಳ ಮಕ್ಕಳು ಯೆಹೋವನ ಆಲಯವನ್ನು ಕೆಡಿಸಿ ಬಿಟ್ಟಿದ್ದರು. ಅದನ್ನು ದುರಸ್ತು ಮಾಡಬೇಕೆಂದು ಅರಸನು ಮನಸ್ಸು ಮಾಡಿ, ಜನರು ತರುವ ಹಣವನ್ನು ಯಾಜಕರು ತಮ್ಮ ತಮ್ಮ ಪರಿಚಯದವರಿಂದ ತೆಗೆದುಕೊಂಡು, ಬಿರುಕು ಬಿಟ್ಟ ಸ್ಥಳಗಳನ್ನೆಲ್ಲಾ ಸರಿಮಾಡಿಸಬೇಕೆಂದು ಅಪ್ಪಣೆಕೊಟ್ಟನು. ಮುಂದೆ ಆದದ್ದೇನು? ಅರಸನ ಆಳಿಕೆಯ 23ನೆಯ ವರುಷ ಬಂದರೂ ಬಿರುಕುಗಳು ಬಿರುಕುಗಳಾಗಿಯೇ ಇದ್ದವು. ಯಾಜಕರು ಕದ್ದರೆಂದು ವೇದವು ಹೇಳುವದಿಲ್ಲ. ಕೆಲಸವು ಆಗಲಿಲ್ಲವೆಂದು ಮಾತ್ರ ಹೇಳುತ್ತದೆ. ಹಣವು ಬಂತು, ವರುಷಗಳು ಹೋದವು, ಗೋಡೆಯು ಹಾಗೆಯೇ ಉಳಿಯಿತು.

ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆಯನ್ನು ತಂದು, ಅದರ ಮುಚ್ಚಳದಲ್ಲಿ ತೂತು ಕೊರೆದು, ಯಜ್ಞವೇದಿಯ ಬಲಗಡೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟನು. ಹಣವು ತುಂಬಿದಾಗ ಅರಸನ ಲೇಖಕನು ಒಬ್ಬನು, ಮಹಾಯಾಜಕನು ಒಬ್ಬನು, ಹೀಗೆ ಇಬ್ಬರು ಕೂಡಿ ಎಣಿಸಿ ಚೀಲಗಳಲ್ಲಿ ಕಟ್ಟಿ, ಕೆಲಸ ನಡಿಸುವವರ ಕೈಗೆ ತೂಗಿಕೊಟ್ಟರು. ಅವರು ಅದನ್ನು ಬಡಗಿಗಳಿಗೂ ಕಟ್ಟುವವರಿಗೂ ಕಲ್ಲುಕುಟಿಗರಿಗೂ ಕೊಟ್ಟರು. ಮರವನ್ನೂ ಕೆತ್ತಿದ ಕಲ್ಲನ್ನೂ ಕೊಂಡುಕೊಂಡರು. ಕೊನೆಗೆ ಆಶ್ಚರ್ಯವಾದ ಒಂದು ಮಾತು ಬರೆದದೆ: ಆ ಕೆಲಸ ನಡಿಸುವವರು ಎಷ್ಟು ನಂಬಿಗಸ್ತರಾಗಿದ್ದರೆಂದರೆ, ಅವರಿಂದ ಯಾರೂ ಲೆಕ್ಕ ಕೇಳಲಿಲ್ಲವಂತೆ.

ಪ್ರಿಯರೇ, ಉಪದೇಶಿಯಾದ ನಾನು ಈ ಭಾಗವನ್ನು ಓದುವಾಗಲೆಲ್ಲಾ ತಲೆ ತಗ್ಗಿಸಬೇಕಾಗುತ್ತದೆ. ಪವಿತ್ರ ವಸ್ತ್ರ ತೊಟ್ಟ ಯಾಜಕರ ಕೈಯಲ್ಲಿ ಕೆಲಸ ನಿಂತುಹೋಯಿತು. ಸುಣ್ಣ ಮೆತ್ತಿದ ಕೈಗಳಲ್ಲಿ ಅದು ಪೂರ್ತಿಯಾಯಿತು. ನಾನು ತಲೆ ತಗ್ಗಿಸುವದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡದೆ ನಿಮಗೆ ಹೇಳುತ್ತೇನೆ.

ನಾನು ಮೊದಲು ಸೇವೆ ಮಾಡುತ್ತಿದ್ದ ಸಭೆಯಲ್ಲಿ ಒಬ್ಬ ವಿಧವೆ ಇದ್ದಳು. ಬೀಡಿ ಕಟ್ಟಿ ಉಳಿಸಿದ ಹಣವನ್ನೂ ಮುಂಬಯಿಯಲ್ಲಿರುವ ಮಗನು ಕಳುಹಿಸಿದ ಹಣವನ್ನೂ ಕೂಡಿಸಿ, ಸೋರುತ್ತಿದ್ದ ಅಡಿಗೆಮನೆಯನ್ನು ಕೆಡವಿ ಸಿಮೆಂಟಿನ ಛಾವಣಿ ಹಾಕಿಸಬೇಕೆಂದು ಆಕೆಯು ಆಶಿಸಿದಳು. ಒಂದು ಆದಿತ್ಯವಾರ ಆರಾಧನೆ ಮುಗಿದ ಮೇಲೆ ನನ್ನ ಬಳಿಗೆ ಬಂದು, "ಉಪದೇಶಿಯವರೇ, ನನಗೆ ಗಂಡುದಿಕ್ಕಿಲ್ಲ. ಒಳ್ಳೇ ಮೇಸ್ತ್ರಿ ಯಾರೆಂದು ನೀವೇ ಹೇಳಿರಿ" ಎಂದು ಕೇಳಿದಳು. ನಮ್ಮ ಸಭೆಯಲ್ಲಿಯೇ ಒಬ್ಬ ಮೇಸ್ತ್ರಿ ಇದ್ದನು. ಮುಂದಿನ ಬೆಂಚಿನಲ್ಲಿ ಕೂತುಕೊಳ್ಳುವನು, ಗಟ್ಟಿಯಾದ ಸ್ವರದಿಂದ ಹಾಡುವನು, ಪ್ರಾರ್ಥನೆ ಮಾಡುವಾಗ ಕಣ್ಣೀರಿಡುವನು. ನಾನು ಹಿಂದೆಮುಂದೆ ನೋಡದೆ ಆತನ ಹೆಸರನ್ನು ಹೇಳಿಬಿಟ್ಟೆನು. ಆತನು ಕಟ್ಟಿದ ಒಂದು ಗೋಡೆಯನ್ನಾದರೂ ನಾನು ಕಣ್ಣಾರೆ ನೋಡಿದ್ದಿಲ್ಲ.

ಆತನು 80,000 ರೂಪಾಯಿಗಳನ್ನು ಒಂದೇ ಸಾರಿ ಮುಂಗಡವಾಗಿ ತೆಗೆದುಕೊಂಡನು. ಕಾಗದವಿರಲಿಲ್ಲ, ಸಾಕ್ಷಿಯಿರಲಿಲ್ಲ. ಎರಡು ವಾರ ಕೆಲಸವಾಯಿತು, ಆರು ವಾರ ನಿಂತಿತು. ಮಳೆ ಹತ್ತಿರ ಬಂದಾಗ ಅವಸರದಿಂದ ಛಾವಣಿ ಹಾಕಿ, ಹಲಗೆಗಳು ಇನ್ನೊಂದು ಕಡೆಯ ಕೆಲಸಕ್ಕೆ ಬೇಕೆಂದು ನಾಲ್ಕನೆಯ ದಿವಸವೇ ಆಧಾರದ ಕಂಬಗಳನ್ನು ಕಿತ್ತುಕೊಂಡು ಹೋದನು. ಮೇಲೆ ಸಾರಣೆ ಮಾಡಿ ಬಿಳೇ ಬಣ್ಣ ಬಳಿದಿದ್ದನು. ನೋಡುವದಕ್ಕೆ ಚೆನ್ನಾಗಿಯೇ ಇತ್ತು. ಆಟಿ ತಿಂಗಳ ಮಳೆಯು ಹೊಯ್ಯಲಾಗಿ ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ನೀರು, ಒಂದು ರಾತ್ರಿ ಛಾವಣಿಯ ಒಂದು ಪಾಲು ಕೆಳಕ್ಕೆ ಬಿತ್ತು. ದಿನವೂ ಆ ಮೂಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಮೊಮ್ಮಗಳು ಆ ಸಾಯಂಕಾಲ ತಾಯಿಯ ಸಂಗಡ ಅಜ್ಜನ ಮನೆಗೆ ಹೋಗಿದ್ದಳು. ದೇವರು ಆ ಮಗುವನ್ನು ಕಾಪಾಡಿದನು.

ಬೆಳಿಗ್ಗೆ ನಾನು ಓಡಿಹೋದೆನು. ಆಕೆಯು ಅಳಲಿಲ್ಲ, ಬೈಯಲೂ ಇಲ್ಲ. "ಉಪದೇಶಿಯವರೇ, ನಾನು ಆ ಮೇಸ್ತ್ರಿಯನ್ನು ನಂಬಿದವಳಲ್ಲ. ನಿಮ್ಮ ಮಾತನ್ನು ನಂಬಿದೆನು" ಎಂದು ಮಾತ್ರ ಹೇಳಿದಳು. ಆ ಮಾತು ಇಂದಿನ ವರೆಗೂ ನನ್ನ ಕಿವಿಯಲ್ಲಿದೆ. ಸಭೆಯ ಹಿರಿಯರು ಆ ಮನುಷ್ಯನನ್ನು ಕರೆಸಿದರು, ಹಣವು ಖರ್ಚಾಯಿತೆಂದನು, ಕೂಲಿಯಿಲ್ಲದೆ ದುಡಿದು ತೀರಿಸುವೆನೆಂದು ಮಾತುಕೊಟ್ಟು, ಕೆಲವು ದಿವಸ ಬಂದು, ಆಮೇಲೆ ಬಾರದೆ ಹೋದನು. ಆತನಿಗೋಸ್ಕರ ನಾವು ಪ್ರಾರ್ಥಿಸುತ್ತಲೇ ಇದ್ದೇವೆ. ಆದರೆ ನನ್ನ ಅಪರಾಧವನ್ನು ಆತನ ಮೇಲೆ ಹೊರಿಸಲಾರೆನು. ಪರೀಕ್ಷಿಸದೆ ಸಾಕ್ಷಿ ಹೇಳಿದವನು ನಾನೇ. ಆ ದಿವಸಗಳಲ್ಲಿ ಕಲಿತ ಪಾಠಗಳನ್ನು ದೇವರ ವಾಕ್ಯದ ಬೆಳಕಿನಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು: ಬಾಯಿಯನ್ನು ನೋಡಬೇಡಿರಿ, ಕೆಲಸವನ್ನು ನೋಡಿರಿ.

ಯೆಹೆಜ್ಕೇಲ ಪ್ರವಾದಿಯ 13ನೆಯ ಅಧ್ಯಾಯದಲ್ಲಿ, ಜನರು ಕಟ್ಟಿದ ಸಡಿಲವಾದ ಗೋಡೆಗೆ ಸುಳ್ಳು ಪ್ರವಾದಿಗಳು ಸುಣ್ಣ ಬಳಿಯುತ್ತಾರೆಂದೂ, ದೊಡ್ಡ ಮಳೆಯೂ ಆನೆಕಲ್ಲೂ ಬಿರುಗಾಳಿಯೂ ಬಂದಾಗ ಅದು ಬಿದ್ದು ಅಸ್ತಿವಾರವು ಬೈಲಾಗುವದೆಂದೂ ದೇವರು ಎಚ್ಚರಿಸುತ್ತಾನೆ. ಸುಣ್ಣವು ಮುಚ್ಚಿದ್ದನ್ನು ಮಳೆಯು ಬಿಚ್ಚಿ ತೋರಿಸುತ್ತದೆ. ಆದದರಿಂದ ಒಬ್ಬ ಮೇಸ್ತ್ರಿಯು ಈ ವರುಷ ಮುಗಿಸಿದ ಮನೆಯನ್ನು ಮಾತ್ರ ನೋಡಿ ತೃಪ್ತರಾಗಬೇಡಿರಿ. ಮೂರು ನಾಲ್ಕು ಮಳೆಗಾಲಗಳನ್ನು ತಾಳಿದ ಮನೆಯನ್ನು ತೋರಿಸೆಂದು ಕೇಳಿರಿ. ಅಲ್ಲಿಗೆ ಮೇಸ್ತ್ರಿಯನ್ನು ಬಿಟ್ಟು ನೀವೇ ಹೋಗಿ, ಮನೆಯ ಯಜಮಾನಿಯನ್ನು ವಿಚಾರಿಸಿರಿ. ಸೋರುವ ಮೂಲೆ ಯಾವದೆಂಬದು ಆಕೆಗೇ ಗೊತ್ತು. ಮೂರು ಮಾತು ಕೇಳಿರಿ: ಹೇಳಿದ ಹಣಕ್ಕೂ ಕೊನೆಗೆ ಕೊಟ್ಟ ಹಣಕ್ಕೂ ಎಷ್ಟು ಅಂತರವಾಯಿತು? ಹೇಳಿದ ದಿವಸಕ್ಕೂ ಮುಗಿಸಿದ ದಿವಸಕ್ಕೂ ಎಷ್ಟು ಅಂತರವಾಯಿತು? ಕೆಲಸ ತೀರಿ ಹಣ ಸಂದ ಮೇಲೆ ಏನಾದರೂ ಕೆಟ್ಟಾಗ ಕರೆದರೆ ಬಂದನೋ? ಈ ಮೂರನೆಯ ಮಾತೇ ಮುಖ್ಯವಾದದ್ದು.

ಆಮೋಸನು ಕಂಡ ದರ್ಶನದಲ್ಲಿ ಕರ್ತನು ನೂಲುಗುಂಡನ್ನು ಕೈಯಲ್ಲಿ ಹಿಡಿದು ಗೋಡೆಯ ಮೇಲೆ ನಿಂತಿದ್ದನು. ನೂಲುಗುಂಡು ಯಾರ ಮುಖವನ್ನೂ ನೋಡುವದಿಲ್ಲ. ಸಭೆಯ ಹಿರಿಯನ ಗೋಡೆಯಾದರೂ ಸೊಟ್ಟಗಿದ್ದರೆ ಸೊಟ್ಟಗಿದೆ ಎನ್ನುತ್ತದೆ. ನೀವೂ ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಮೂಲೆಗೆ ಹಿಡಿದು ನೋಡಬಹುದು. ಸಾರಣೆಯನ್ನು ಬೆರಳ ಗೆಣ್ಣಿನಿಂದ ತಟ್ಟಿರಿ. ಪೊಳ್ಳು ಶಬ್ದ ಬಂದರೆ ಒಳಗೆ ಹಿಡಿತವಿಲ್ಲವೆಂದು ತಿಳಿಯಿರಿ. ಇದಕ್ಕೆ ಓದು ಬೇಕಾಗಿಲ್ಲ.

1865ನೆಯ ಇಸವಿಯಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಸಾಹೇಬರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ನಿಮ್ಮಲ್ಲಿ ಅನೇಕರಿಗೆ ತಿಳಿದದೆ. ಹಳೇ ಮಾಡನ್ನು ಇಳಿಸುವಾಗ ಆ ಹೆಂಚು ಸಿಕ್ಕಿದರೆ ತಿರುವಿ ನೋಡಿರಿ. ಮಿಶನಿನ ಹೆಸರನ್ನು ಹಸಿಮಣ್ಣಿನಲ್ಲಿ ಒತ್ತಿ ಸುಟ್ಟಿರುತ್ತಾರೆ. ಹೆಂಚು ಒಡೆದರೆ, ಸೋರಿದರೆ, ಯಾರನ್ನು ಕೇಳಬೇಕೆಂಬದು ಅದರ ಮೇಲೆಯೇ ಬರೆದದೆ. ತಾನು ಮಾಡಿದ್ದರ ಮೇಲೆ ತನ್ನ ಹೆಸರನ್ನು ಒತ್ತುವದಕ್ಕೆ ಅಂಜದವನೇ ನಂಬತಕ್ಕ ಕೆಲಸದವನು.

ಎರಡನೆಯದು: ನಮ್ಮವನೆಂಬ ಒಂದೇ ಕಾರಣದಿಂದ ನಂಬಬೇಡಿರಿ, ನಮ್ಮವನಲ್ಲವೆಂಬ ಒಂದೇ ಕಾರಣದಿಂದ ತಳ್ಳಬೇಡಿರಿ.

ಸೊಲೊಮೋನನು ಆಲಯವನ್ನು ಕಟ್ಟಿಸುವಾಗ ತೂರಿನ ಅರಸನಾದ ಹೀರಾಮನಿಂದ ದೇವದಾರು ಮರವನ್ನು ತರಿಸಿದನು. ತಾಮ್ರದ ಕೆಲಸಕ್ಕೆ ಕರೆಸಿದ ಹೀರಾಮನೆಂಬ ಕುಶಲಗಾರನ ತಂದೆಯು ತೂರಿನವನು, ತಾಯಿಯು ನಫ್ತಾಲಿ ಕುಲದ ವಿಧವೆ. ದೇವರ ಮನೆಗೇ ಹೊರಗಿನವರ ಕೈ ಸಲ್ಲುವದಾದರೆ ನಮ್ಮ ಅಡಿಗೆಮನೆಗೆ ಸಲ್ಲದೋ?

ಆ ವಿಧವೆಯ ಮನೆಗೆ ಆಮೇಲೆ ಬಂದವನು ಪಕ್ಕದ ಊರಿನ ಒಬ್ಬ ಮುಸಲ್ಮಾನ ಮೇಸ್ತ್ರಿ. ಈ ಸಾರಿ ನಾನೂ ಇಬ್ಬರು ಹಿರಿಯರೂ ಆತನು ಕಟ್ಟಿದ ಎರಡು ಮನೆಗಳಿಗೆ ಮೊದಲು ಹೋಗಿ ನೋಡಿ ಬಂದಿದ್ದೆವು. ಆತನು ಹೆಚ್ಚು ಮಾತನಾಡಲಿಲ್ಲ. ಗೋಡೆಯ ಬುಡವನ್ನು ಅಗೆದು ನೋಡಿ, ಮುರಕಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ, "ಅಮ್ಮಾ, ಗೋಡೆ ಗಟ್ಟಿಯಾಗಿದೆ, ಇದನ್ನು ಕೆಡವಬೇಡಿ. ಕಾಂಕ್ರೀಟೂ ಬೇಡ. ಕೆಟ್ಟದ್ದನ್ನು ತೆಗೆದು ಮೊದಲಿದ್ದ ಹಾಗೆ ಹೆಂಚಿನ ಮಾಡು ಹಾಕೋಣ. ನಿಮಗೆ ಅರ್ಧ ಹಣ ಸಾಕು" ಎಂದನು. ಅರ್ಧ ಹಣ ಸಾಕೆಂದಾಗ ತನ್ನ ಲಾಭವನ್ನೂ ಅರ್ಧ ಮಾಡಿಕೊಂಡನಲ್ಲವೇ? ಬೇಡದ ಕೆಲಸವನ್ನು ಬೇಡವೆಂದು ಹೇಳುವ ಮೇಸ್ತ್ರಿಯು ಸಿಕ್ಕಿದರೆ ಆತನನ್ನು ಬಿಡಬೇಡಿರಿ. ಆ ಮಾಡಿನ ಖರ್ಚಿನಲ್ಲಿ ಒಂದು ಪಾಲು ನನ್ನ ಮೇಲೆ ಇತ್ತು. ತಿಂಗಳು ತಿಂಗಳು ಸಂಬಳದಿಂದ ಅದನ್ನು ತೀರಿಸಿದೆನು. ಇದನ್ನು ಹೊಗಳಿಕೆಗಾಗಿ ಹೇಳುವದಿಲ್ಲ. ಸಾಲವೆಂದು ತಿಳಿದು ಕೊಟ್ಟೆನು.

ಮೂರನೆಯದು: ಮೊದಲು ಲೆಕ್ಕಮಾಡಿ ಬರೆದಿಡಿರಿ.

ಗೋಪುರ ಕಟ್ಟಿಸಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸುವನೆಂದು ನಮ್ಮ ಕರ್ತನೇ ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಹೇಳಿದನು. ನಾವಾದರೋ ಮೊದಲು ಕೆಡವುತ್ತೇವೆ, ಆಮೇಲೆ ಎಣಿಸುತ್ತೇವೆ! ಒಂದೇ ಕೆಲಸಕ್ಕೆ ಮೂವರು ಮೇಸ್ತ್ರಿಗಳಿಂದ ಲೆಕ್ಕ ಕೇಳಿರಿ. ಮೂವರಿಗೂ ಅದೇ ಅಳತೆಯನ್ನೂ ಅದೇ ಸಾಮಾನನ್ನೂ ಹೇಳಿರಿ. ಇಲ್ಲವಾದರೆ ಹೋಲಿಸುವದು ಹೇಗೆ? ಇಬ್ಬರು ಒಂದೇ ಸುಮಾರಿನ ಮೊತ್ತವನ್ನು ಹೇಳಿ ಮೂರನೆಯವನು ಬಹಳ ಕಡಮೆ ಹೇಳಿದರೆ ಹಿಗ್ಗಬೇಡಿರಿ. ಕಡಮೆಯಾದ ಹಣವು ಎಲ್ಲಿಂದಲೋ ಬರಬೇಕು. ಸಿಮೆಂಟಿನಿಂದ ಬರುವದು, ಸರಳಿನಿಂದ ಬರುವದು, ಇಲ್ಲವೆ ಅರ್ಧದಲ್ಲಿ ನಿಲ್ಲಿಸಿ ಹೆಚ್ಚು ಕೇಳುವದರಿಂದ ಬರುವದು.

"ನಮ್ಮೊಳಗೆ ಕಾಗದವೇಕೆ? ನಂಬಿಕೆಯಿಲ್ಲವೇ?" ಎಂದು ಮೇಸ್ತ್ರಿಯು ಕೇಳಬಹುದು. ಆಗ ಯೆರೆಮೀಯನನ್ನು ನೆನಸಿರಿ. ಅವನು ತನ್ನ ಸ್ವಂತ ಚಿಕ್ಕಪ್ಪನ ಮಗನಿಂದ ಹೊಲವನ್ನು ಕೊಂಡನು. ಮಾರುವವನು ಸಂಬಂಧಿಕನು, ಕೊಳ್ಳುವವನು ಪ್ರವಾದಿ, ಕೊಳ್ಳೆಂದು ತಿಳಿಸಿದವನು ದೇವರು. ಆದಾಗ್ಯೂ ಅವನು 17 ಶೇಕೆಲ್ ಬೆಳ್ಳಿಯನ್ನು ತೂಗಿ, ಪತ್ರ ಬರೆದು, ಮುದ್ರೆ ಹಾಕಿ, ಸಾಕ್ಷಿಗಳಿಂದ ರುಜು ಮಾಡಿಸಿ, ಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಬರೆದಿಡುವದು ಅಪನಂಬಿಕೆಯಲ್ಲ, ಅದು ಇಬ್ಬರ ನೆನಪಿಗೂ ಊರುಗೋಲು, ಇಬ್ಬರ ಸ್ನೇಹಕ್ಕೂ ಬೇಲಿ.

ಏನು ಬರೆಯಬೇಕು? ಯಾವ ಯಾವ ಕೆಲಸ. ಗೋಡೆಯ ಉದ್ದ ಎತ್ತರ, ಛಾವಣಿಯ ದಪ್ಪ. ಸಾಮಾನು ಯಾರು ತರುವದು, ಯಾವ ಜಾತಿಯದು. ಯಾವ ದಿವಸ ಆರಂಭ, ಯಾವ ದಿವಸ ಮುಕ್ತಾಯ. ಎಷ್ಟು ಕೆಲಸವಾದರೆ ಎಷ್ಟು ಹಣ. ಮೊದಲ ಮಳೆಯಲ್ಲಿ ಸೋರಿದರೆ ಯಾರ ಹೊಣೆ. ಅರ್ಧ ಹಾಳೆ ಸಾಕು. ಅಕ್ಷರ ಬಾರದವರು ಉಪದೇಶಿಯಿಂದಲೋ ಶಾಲೆಗೆ ಹೋಗುವ ಮಕ್ಕಳಿಂದಲೋ ಬರೆಸಿ ಓದಿಸಿ ಕೇಳಿ, ಇಬ್ಬರು ಸಾಕ್ಷಿಗಳನ್ನು ಇಟ್ಟು, ಇಬ್ಬರ ಬಳಿಯಲ್ಲಿಯೂ ಒಂದೊಂದು ಪ್ರತಿ ಇರಲಿ.

ಹಣವನ್ನು ಒಂದೇ ಸಾರಿ ಕೊಡಬೇಡಿರಿ. ಯೋವಾಷನ ಪೆಟ್ಟಿಗೆಯಿಂದ ಹಣವು ತುಂಬಿದ ಹಾಗೆಲ್ಲಾ ಚೀಲ ಚೀಲವಾಗಿ ಹೋಯಿತು. ಸಾಮಾನು ತರುವಷ್ಟು ಮುಂಗಡ; ಗೋಡೆಯಾದಾಗ ಒಂದು ಪಾಲು; ಮಾಡು ಆದಾಗ ಒಂದು ಪಾಲು; ಕೊನೆಯ ಒಂದು ಪಾಲು ಕೆಲಸವೆಲ್ಲಾ ಮುಗಿದು ನೋಡಿಕೊಂಡ ಮೇಲೆ. ಕೊಟ್ಟದ್ದನ್ನು ಅದೇ ಹಾಳೆಯ ಹಿಂದೆ ತಾರೀಕು ಹಾಕಿ ಬರೆದು ರುಜು ತೆಗೆದುಕೊಳ್ಳಿರಿ. ಎಣಿಸುವಾಗ ಇಬ್ಬರಿರಲಿ.

ನಾಲ್ಕನೆಯದು: ಕೆಲಸ ನಡೆಯುವಾಗ ಕಣ್ಣಿಟ್ಟಿರಿ.

ಯೋವಾಷನ ಕಾಲದಲ್ಲಿ ಲೆಕ್ಕ ಕೇಳಲಿಲ್ಲವೆಂದು ಓದಿ, ನಾವೂ ಕೇಳಬಾರದೆಂದು ತಪ್ಪಾಗಿ ತಿಳಿಯಬೇಡಿರಿ. ಹಣವನ್ನು ಇಬ್ಬರು ಎಣಿಸಿ ತೂಗಿದ್ದರು, ಆಲಯದ ಕೆಲಸವು ಎಲ್ಲರ ಕಣ್ಣ ಮುಂದೆ ನಡೆಯುತ್ತಿತ್ತು, ಕೆಲಸ ನಡಿಸುವವರ ನಂಬಿಗಸ್ತಿಕೆಯು ಬೈಲಿಗೆ ಬಂದಿತ್ತು. ಅಂಥ ನಂಬಿಕೆಯು ಫಲವು. ಅದನ್ನು ಬೀಜವಾಗಿ ಬಿತ್ತಲಾಗದು.

ಆದದರಿಂದ ಹೊಯಿಗೆ ಬಂದು ಬಿದ್ದಾಗ ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ಹಾಕಿ ನೀರು ತುಂಬಿ ಕದಡಿ, ಕೆಲವು ತಾಸು ಬಿಡಿರಿ. ಮೇಲೆ ಕೂತ ಕೆಸರಿನ ಪದರವು ಹೊಯಿಗೆಯ ಎತ್ತರದಲ್ಲಿ ಹನ್ನೆರಡರ ಒಂದು ಪಾಲಿಗಿಂತ ಹೆಚ್ಚಾಗಿದ್ದರೆ ತೊಳೆಯದೆ ಉಪಯೋಗಿಸಗೊಡಬೇಡಿರಿ. ಕಡಲ ಕರೆಯ ಹೊಯಿಗೆಯಲ್ಲಿ ಉಪ್ಪಿರುವದರಿಂದ ಅದು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ಸಿಮೆಂಟಿನ ಚೀಲವು 50 ಕಿಲೋ ತೂಗತಕ್ಕದ್ದು. ಚೀಲದ ಮೇಲಿರುವ ತಾರೀಕನ್ನು ನೋಡಿ ಮೂರು ತಿಂಗಳು ಮೀರಿದ್ದರೆ, ಇಲ್ಲವೆ ಒಳಗೆ ಗಟ್ಟಿಯಾದ ಉಂಡೆಗಳಿದ್ದರೆ, ಹಿಂದಕ್ಕೆ ಕಳುಹಿಸಿರಿ. ಛಾವಣಿ ಹಾಕಿದ ಮೇಲೆ ಕಡಮೆಯೆಂದರೆ 7 ದಿವಸ, ಬೂದಿ ಬೆರಸಿದ ಸಿಮೆಂಟಾದರೆ 10 ದಿವಸ, ಅದು ಒಣಗದಂತೆ ನೀರು ನಿಲ್ಲಿಸಬೇಕು. ಚಿಕ್ಕ ಕೋಣೆಯಾದರೆ 7 ದಿವಸದ ವರೆಗೆ, 15 ಅಡಿಗಿಂತ ಅಗಲವಾದ ಛಾವಣಿಯಾದರೆ 14 ದಿವಸದ ವರೆಗೆ, ಆಧಾರದ ಕಂಬಗಳನ್ನು ತೆಗೆಯಗೊಡಬಾರದು. ಸಿಮೆಂಟು ಒಣಗುವದರಿಂದ ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ನೀರನ್ನು ಕುಡಿದು ಅದು ಗಟ್ಟಿಯಾಗುತ್ತದೆ. ಅವಸರದ ಮೇಸ್ತ್ರಿಯು ಕಳ್ಳನಲ್ಲದಿದ್ದರೂ ಕಳ್ಳನಷ್ಟೇ ನಷ್ಟಮಾಡುತ್ತಾನೆ. ಈ ನಾಲ್ಕು ಮಾತುಗಳನ್ನು ಆ ವಿಧವೆಯೂ ನಾನೂ ಮುಂಚೆಯೇ ತಿಳಿದಿದ್ದರೆ ಆ ರಾತ್ರಿಯು ಬರುತ್ತಿದ್ದಿಲ್ಲ.

ಐದನೆಯದು: ಕೆಲಸ ಕೊಡುವ ನಾವು ನಂಬಿಗಸ್ತರೋ?

ಇಲ್ಲಿಯ ವರೆಗೆ ಮೇಸ್ತ್ರಿಯನ್ನು ತೂಗಿದೆವು. ಈಗ ನೂಲುಗುಂಡನ್ನು ನಮ್ಮ ಕಡೆಗೆ ಹಿಡಿಯೋಣ. ನೆರೆಯವನಿಂದ ಬಿಟ್ಟಿಯಾಗಿ ದುಡಿಸಿಕೊಂಡು ಅನ್ಯಾಯದಿಂದ ಮನೆಯನ್ನು ಕಟ್ಟಿಸುವವನಿಗೆ ಅಯ್ಯೋ ಎಂದು ಯೆರೆಮೀಯನು 22ನೆಯ ಅಧ್ಯಾಯದಲ್ಲಿ ಸಾರಿದನು. ಆ ಮಾತು ಒಬ್ಬ ಅರಸನಿಗೆ ತಗಲಿತು. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಬೇಕೆಂದು ಮೋಶೆಯ ಮೂಲಕ ಅಪ್ಪಣೆಯಾಯಿತು. ಹಿಡಿದಿಟ್ಟ ಕೂಲಿಯು ದೇವರ ಕಿವಿಯ ವರೆಗೆ ಕೂಗುತ್ತದೆಂದು ಯಾಕೋಬನು ಬರೆದನು.

ನಮ್ಮಲ್ಲಿ ಏನು ನಡೆಯುತ್ತದೆ? ಕೆಲಸದ ನಡುವೆ "ಈ ಕಿಟಿಕಿ ಅಲ್ಲಿಗಿರಲಿ, ಆ ಗೋಡೆ ಇನ್ನೆರಡು ಅಡಿ ಹೋಗಲಿ" ಎಂದು ಹೇಳಿ, ಹೆಚ್ಚು ಹಣ ಕೇಳಿದರೆ ಜಗಳವಾಡುತ್ತೇವೆ. ಕೆಲಸವಿಲ್ಲದ ಮಳೆಗಾಲದಲ್ಲಿ ಮೇಸ್ತ್ರಿಯ ಹಸಿವನ್ನು ಕಂಡು ಕೂಲಿಯನ್ನು ಹಿಂಡುತ್ತೇವೆ. ಕೊನೆಯ ಪಾಲನ್ನು ಕೊಡದೆ ಇರುವದಕ್ಕಾಗಿ ಇಲ್ಲದ ಕುಂದುಗಳನ್ನು ಹುಡುಕುತ್ತೇವೆ. ಮೇಸ್ತ್ರಿಯು ಹಣ ಪಡೆದು ತನ್ನ ಆಳುಗಳಿಗೆ ಕೊಡದಿದ್ದರೆ, ನಮಗೇನೆಂದು ಮುಖ ತಿರುಗಿಸುತ್ತೇವೆ. ಹೀಗೆ ಮಾಡಿದವರ ಮನೆಗೆ ಒಳ್ಳೇ ಮೇಸ್ತ್ರಿಯು ಎರಡನೆಯ ಸಾರಿ ಕಾಲಿಡುವನೋ? ಮೋಸಗಾರನು ಮಾತ್ರ ಬರುವನು. ನಂಬಿಗಸ್ತನಾದ ಮೇಸ್ತ್ರಿಯನ್ನು ಹುಡುಕುವವನು ಮೊದಲು ನಂಬಿಗಸ್ತನಾದ ಯಜಮಾನನಾಗಲಿ. ನಮ್ಮ ಸಭೆಗಳಲ್ಲಿ ಕಲ್ಲುಕೆಲಸವನ್ನೂ ಮರಗೆಲಸವನ್ನೂ ಮಾಡುವ ಸಹೋದರರು ಅನೇಕರಿದ್ದಾರೆ. ಸಹೋದರರೇ, ಆದಿತ್ಯವಾರ ನೀವು ಹಾಡುವ ಹಾಡನ್ನು ಸೋಮವಾರ ನೀವು ಇಡುವ ಕಲ್ಲು ಸುಳ್ಳುಮಾಡದಿರಲಿ. ಯಾರೂ ನೋಡದ ಅಸ್ತಿವಾರದಲ್ಲಿ ನೀವು ಸುರಿದ ಪೂರ್ಣವಾದ ಒಂದು ಬುಟ್ಟಿ ಗಾರೆಯು ದೇವರ ಮುಂದೆ ಒಂದು ಆರಾಧನೆಯೇ.

ಪ್ರಿಯರೇ, ಕಲ್ಲುಮಣ್ಣಿನ ಮನೆಯ ಮಾತು ಇಲ್ಲಿಗೆ ಸಾಕು. ನಾವೆಲ್ಲರೂ ದುರಸ್ತಿಗೆ ಬಂದ ಮನೆಗಳೇ ಅಲ್ಲವೇ? ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಗೋಡೆಗೆ ಹತ್ತಿದ ಕುಷ್ಠದ ವಿಷಯವಾಗಿ ಓದುತ್ತೇವೆ. ಅದನ್ನು ಸಾರಣೆಯಿಂದ ಮುಚ್ಚಬೇಕೆಂದು ದೇವರು ಹೇಳಲಿಲ್ಲ. ಕೆಟ್ಟ ಕಲ್ಲುಗಳನ್ನು ಕಿತ್ತು, ಸುತ್ತಲೂ ಕೆರೆದು, ಬೇರೆ ಕಲ್ಲುಗಳನ್ನು ಇಡಬೇಕೆಂದು ಹೇಳಿದನು. ನಮ್ಮ ಹೃದಯದ ಬಿರುಕುಗಳಿಗೆ ನಾವು ಎಷ್ಟು ಸಾರಿ ಸುಣ್ಣ ಬಳಿದಿದ್ದೇವೆ! ಹಬ್ಬಕ್ಕೆ ಹೊಸ ಬಟ್ಟೆ, ದೇವಾಲಯದಲ್ಲಿ ಮುಂದಿನ ಬೆಂಚು, ಉದ್ದವಾದ ಪ್ರಾರ್ಥನೆ. ಒಳಗೆ ನೆರೆಯವನ ಮೇಲೆ ಹಗೆ, ಬಾಯಲ್ಲಿ ಸುಳ್ಳು, ಕೈಯಲ್ಲಿ ಕುಡುಕತನದ ಪಾತ್ರೆ. ಶೋಧನೆಯ ಮಳೆಯು ಬಂದಾಗ ಎಲ್ಲಾ ಸೋರುತ್ತದೆ.

ಈ ಮನೆಯನ್ನು ಯಾರ ಕೈಗೆ ಕೊಡೋಣ? ನಜರೇತಿನ ಜನರು ಯೇಸುವನ್ನು ಬಡಗಿಯೆಂದು ಕರೆದರೆಂದು ಮಾರ್ಕನು ಬರೆದನು. ಮೇಸ್ತ್ರಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲಾ ಆತನ ವಿಷಯದಲ್ಲಿಯೂ ಕೇಳಿರಿ. ಪರೀಕ್ಷೆಗೆ ಆತನು ಅಂಜುವವನಲ್ಲ. ಆತನು ದುರಸ್ತು ಮಾಡಿದ ಹಳೇ ಮನೆಗಳನ್ನು ಹೋಗಿ ನೋಡಿರಿ: ಮೂರು ಸಾರಿ ಅಲ್ಲವೆಂದ ಪೇತ್ರನನ್ನು ನೋಡಿರಿ, ನಾಲ್ಕರಷ್ಟು ತಿರುಗಿ ಕೊಡುವೆನೆಂದ ಜಕ್ಕಾಯನನ್ನು ನೋಡಿರಿ, ಬಾವಿಯ ಬಳಿಯಲ್ಲಿ ಕೊಡವನ್ನು ಬಿಟ್ಟುಹೋದ ಸಮಾರ್ಯದ ಹೆಂಗಸನ್ನು ನೋಡಿರಿ. ಆತನು ಖರ್ಚನ್ನು ಕಡಮೆ ಹೇಳಿ ಯಾರನ್ನಾದರೂ ಮೋಸಗೊಳಿಸಿದನೋ? ಇಲ್ಲ, ತನ್ನ ಹಿಂದೆ ಬರುವವನು ಶಿಲುಬೆ ಹೊರಬೇಕೆಂದು ಮೊದಲೇ ಹೇಳಿದನು. ಮುಂಗಡ ಕೇಳಿದನೋ? ಇಲ್ಲ, ನಮ್ಮ ಸಾಲವನ್ನೆಲ್ಲಾ ತಾನೇ ತೆತ್ತನು. ಅರ್ಧದಲ್ಲಿ ಬಿಟ್ಟುಹೋಗುವನೋ? ಒಳ್ಳೇ ಕೆಲಸವನ್ನು ಆರಂಭಿಸಿದಾತನೇ ಅದನ್ನು ತನ್ನ ದಿನದ ವರೆಗೆ ನಡಿಸಿ ಪೂರೈಸುವನೆಂಬ ಭರವಸವು ಪೌಲನಿಗಿತ್ತು. ಹೆಂಚಿನವರು ತಮ್ಮ ಹೆಸರನ್ನು ಹೆಂಚಿನಲ್ಲಿ ಒತ್ತಿದರು. ನಮ್ಮ ದೇವರಾದರೋ ನಮ್ಮನ್ನೇ ತನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದಾನೆಂದು ಯೆಶಾಯನು ಹೇಳಿದನು.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಯೋವಾಷನ ಕಾಲ ಕಳೆದು ಬಹು ವರುಷಗಳಾದ ಮೇಲೆ ಆಲಯವು ಮತ್ತೆ ಕೆಟ್ಟಿತು. ಯೋಷೀಯನೆಂಬ ಅರಸನು ತನ್ನ ಆಳಿಕೆಯ 18ನೆಯ ವರುಷದಲ್ಲಿ ಅದನ್ನು ದುರಸ್ತು ಮಾಡಿಸಿದನು. ಆಗಿನ ಕೆಲಸದವರ ವಿಷಯದಲ್ಲಿಯೂ, ಅವರು ನಂಬಿಗಸ್ತರಾದದರಿಂದ ಲೆಕ್ಕ ಕೇಳಲಿಲ್ಲವೆಂದು ಬರೆದದೆ. ಆ ದುರಸ್ತಿಯ ದಿವಸಗಳಲ್ಲಿಯೇ, ಬಹುಕಾಲ ಕಾಣದೆ ಹೋಗಿದ್ದ ಧರ್ಮಶಾಸ್ತ್ರದ ಗ್ರಂಥವು ಆಲಯದಲ್ಲಿ ಮಹಾಯಾಜಕನಾದ ಹಿಲ್ಕೀಯನಿಗೆ ಸಿಕ್ಕಿತು. ಅದನ್ನು ಓದಿ ಕೇಳಿದ ಅರಸನು ಬಟ್ಟೆ ಹರಕೊಂಡು ಅತ್ತನು, ದೇಶವು ತಿರುಗಿಕೊಂಡಿತು. ಪ್ರಾಮಾಣಿಕವಾದ ಕೈಗಳು ಮನೆಯನ್ನು ಸರಿಮಾಡುವಾಗ ದೇವರ ವಾಕ್ಯವು ಪುನಃ ಸಿಗುತ್ತದೆ.

ಆ ವಿಧವೆಯ ಮನೆಯ ಮಾಡು ಈಗ ಸೋರುವದಿಲ್ಲ. ಹೊಸ ಮಾಡು ಹಾಕಿದ ವರುಷ ಆಕೆಯು ತನ್ನ ಅಡಿಗೆಮನೆಯಲ್ಲಿ ನಮಗೆ ಕಂಜಿ ಬಡಿಸಿದಳು. ಆ ಮುಸಲ್ಮಾನ ಮೇಸ್ತ್ರಿಯೂ ಬಂದಿದ್ದನು. ಹೊರಗೆ ಮಳೆ ಹೊಯ್ಯುತ್ತಿತ್ತು. ಆಕೆಯು ನನ್ನನ್ನು ನೋಡಿ, "ಉಪದೇಶಿಯವರೇ, ಇನ್ನು ಮೇಲೆ ಯಾರಾದರೂ ಕೇಳಿದರೆ ಮೊದಲು ನೋಡಿ ಬಂದು ಹೇಳಿರಿ" ಎಂದಳು. ಹಾಗೆಯೇ ಮಾಡುತ್ತಿದ್ದೇನೆ. ನೀವೂ ಹಾಗೆಯೇ ಮಾಡಿರಿ.

ಪರಲೋಕದ ತಂದೆಯೇ, ನಮ್ಮ ಬಡ ಮನೆಗಳನ್ನು ಮಳೆಗಾಳಿಯಿಂದ ಕಾಪಾಡು. ಕಟ್ಟುವವರ ಕೈಗಳಿಗೆ ಸತ್ಯವನ್ನೂ, ಕಟ್ಟಿಸುವವರ ಕೈಗಳಿಗೆ ನ್ಯಾಯವನ್ನೂ ದಯಪಾಲಿಸು. ಪರೀಕ್ಷಿಸದೆ ಮಾತುಕೊಟ್ಟ ನಮ್ಮ ಬಾಯಿಗಳನ್ನು ಕ್ಷಮಿಸು. ದಾರಿತಪ್ಪಿದ ಕೆಲಸದವನನ್ನು ತಿರುಗಿ ಕರೆದುಕೋ. ನಮ್ಮ ಹೃದಯದ ಬಿರುಕುಗಳನ್ನು ನಿನ್ನ ಮಗನ ಕೈಯಿಂದಲೇ ಸರಿಮಾಡಿಸು. ಆತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.